ಅಡುಗೆ ಇಷ್ಟ ಅಂತ ಬರೋ ಮಕ್ಕಳಿಗೆ

ಹೈಸ್ಕೂಲ್ ಮಕ್ಕಳ ಜೊತೆ ಕರಿಯರ್ ಬಗ್ಗೆ ಮಾತಾಡೋಕೆ ಹೋದಾಗೆಲ್ಲ ಒಂದು ಪ್ರಶ್ನೆ ಗ್ಯಾರಂಟಿ ಬರತ್ತೆ, ನಂಗೆ ಅಡುಗೆ ಅಂದ್ರೆ ತುಂಬಾ ಇಷ್ಟ ಸರ್, ಫುಡ್ ಪ್ರೊಸೆಸಿಂಗ್‌ಗೆ ಬರಬಹುದಾ ಅಂತ. ಬಾ, ಬೇಡ ಅನ್ನಲ್ಲ. ಆದ್ರೆ ಅಡುಗೆಮನೇಲಿ ಯಾವುದು ಮಜಾ ಕೊಡತ್ತೋ ಅದೇ ಫ್ಯಾಕ್ಟರೀಲಿ ತಪ್ಪು. ಇವತ್ತು ಸ್ವಲ್ಪ ಬೇರೆ ತರ ಮಾಡಿ ನೋಡೋಣ ಅನ್ನೋ ಹಾಗೇ ಇಲ್ಲ ಅಲ್ಲಿ, ನಿನ್ನೆ ಮಾಡಿದ್ದನ್ನೇ ಇವತ್ತು ಮಾಡ್ಬೇಕು, ಅದನ್ನೇ ರಾತ್ರಿ ಪಾಳಿಯವ್ರೂ ಮಾಡ್ಬೇಕು, ಮಾಡಿದ್ವಿ ಅಂತ ಬರೆದೂ ಇಡ್ಬೇಕು. ನನ್ನ ಲೆಕ್ಕದಲ್ಲಿ ಈ ಬರೆಯೋದೇ ಅರ್ಧ ಕೆಲಸ, ಮತ್ತೆ ಶಾಲೇಲಿ ಕಲಿಸಬೇಕಾಗಿರೋದೂ ಇದನ್ನೇ.

ಒಂದು ಘಟನೆ ಹೇಳ್ತೀನಿ. ಹಾಲನ್ನ ಪಾಶ್ಚರೈಸ್ ಮಾಡುವಾಗ, ಅಂದ್ರೆ ರೋಗ ತರೋ ಕ್ರಿಮಿ ಸಾಯೋ ಹಾಗೆ ಕಾಯಿಸುವಾಗ, 72 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 15 ಸೆಕೆಂಡ್ ಹಿಡಿದಿಡ್ತೀವಿ, ಬಿಸಿ ಕಮ್ಮಿ ಆದ್ರೆ ಒಂದು ವಾಲ್ವ್ ತಾನಾಗೇ ತಿರುಗಿ ಹಾಲನ್ನ ವಾಪಸ್ ಕಳಿಸತ್ತೆ, ಮುಂದಕ್ಕೆ ಬಿಡಲ್ಲ. ಅಲ್ಲೊಬ್ಬ ಹೊಸ ಟ್ರೇನಿ ಇದ್ದ, ಕಾಲು ಗಂಟೆಗೊಮ್ಮೆ ಥರ್ಮಾಮೀಟರ್ ನೋಡಿ ಬುಕ್ಕಲ್ಲಿ ಬರಿಯೋದು ಅವನ ಕೆಲಸ. ಅವನು ಪಾಳಿ ಶುರುವಲ್ಲೇ ಕೂತು ಎಂಟು ಗಂಟೆದೂ ಬರೆದುಬಿಟ್ಟಿದ್ದ, 73.1, 73.0, 73.2 ಅಂತ, ನೋಡೋಕೆ ಎಷ್ಟು ಚೆನ್ನಾಗಿತ್ತು ಅಂದ್ರೆ ಅದ್ರಲ್ಲೇ ಡೌಟ್ ಬಂತು. ಮಧ್ಯದಲ್ಲಿ ಒಂದ್ಸಲ ಸ್ಟೀಮ್ ಪ್ರೆಶರ್ ಬಿದ್ದು ಬಿಸಿ ಇಳಿದಿದೆ, ವಾಲ್ವ್ ತಿರುಗಿದೆ, ಚಾರ್ಟ್ ರೆಕಾರ್ಡರ್ ಅದನ್ನ ಗೆರೆ ಎಳೆದು ತೋರಿಸ್ತಿದೆ, ಬುಕ್ಕಲ್ಲಿ ಮಾತ್ರ ಅದೇ ಟೈಮಿಗೆ 73.1. ಹಾಲಿಗೆ ಏನೂ ಆಗಿರಲಿಲ್ಲ, ಮೆಷಿನ್ ತನ್ನ ಕೆಲಸ ಸರಿಯಾಗೇ ಮಾಡಿತ್ತು. ಆದ್ರೂ ಆ ಪಾಳಿಯ ಅಷ್ಟೂ ಲಾಟ್ ತಡೆ ಹಿಡಿದ್ವಿ, ಚಾರ್ಟ್ ಇಂಚಿಂಚೂ ನೋಡಿ, ಹಾಲು ಸರಿಯಾಗಿ ಕಾದಿದೆಯಾ ಅಂತ ತೋರಿಸೋ ಫಾಸ್ಫಟೇಸ್ ಟೆಸ್ಟ್ ಮಾಡಿ, ಆಮೇಲೇ ಬಿಟ್ಟಿದ್ದು, ಯಾಕಂದ್ರೆ ಬುಕ್ಕಲ್ಲಿ ಒಂದು ಸುಳ್ಳು ಸಿಕ್ಕಿದ್ಮೇಲೆ ಮಿಕ್ಕಿದ್ದನ್ನ ಹೇಗೆ ನಂಬೋದು ಹೇಳಿ.

ಹುಡುಗ ಸೋಮಾರಿ ಏನಲ್ಲ. ಯಾಕಪ್ಪ ಹಿಂಗೆ ಮಾಡಿದೆ ಅಂದ್ರೆ, ಶಾಲೇಲಿ ಪ್ರಾಕ್ಟಿಕಲ್ ರೆಕಾರ್ಡ್ ಹಾಗೇ ಬರೀತಿದ್ವಿ ಅಂದ. ಸರಿ ಉತ್ತರ ಮೊದಲೇ ಗೊತ್ತು, ಅದಕ್ಕೆ ಹೊಂದೋ ಹಾಗೆ ರೀಡಿಂಗ್ ಹಿಂದಿನಿಂದ ಕೂರಿಸೋದು, ಆಗ ಮಾರ್ಕ್ಸ್ ಪೂರ್ತಿ. ನಾವೂ ಅದನ್ನೇ ಮಾಡಿ ಬಂದವ್ರು, ಸುಳ್ಯಾಕೆ. ಹಾಗಾಗಿ ಟೀಚರ್‌ಗಳಿಗೆ ನಾನು ಮೊದಲು ಕೇಳೋದು ಲ್ಯಾಬಲ್ಲ, ದುಡ್ಡಲ್ಲ, ಬಂದ ರೀಡಿಂಗ್ ಬಂದ ಹಾಗೆ ಬರೆದ್ರೆ ಮಾರ್ಕ್ಸ್ ಕೊಡಿ ಅಂತ. ಪುಡಿ ಐಸಲ್ಲಿ ಸ್ವಲ್ಪ ನೀರು ಹಾಕಿ ಥರ್ಮಾಮೀಟರ್ ಅದ್ದಿಸಿ, ಸೊನ್ನೆ ತೋರಿಸ್ಬೇಕು, 1.5 ತೋರಿಸಿದ್ರೆ 1.5 ಅಂತಾನೇ ಬರಿಯೋಕೆ ಹೇಳಿ, ಆ ಥರ್ಮಾಮೀಟರ್‌ನ ಏನು ಮಾಡೋದು ಅಂತ ಅವ್ರೇ ಯೋಚಿಸ್ಲಿ.

ಎರಡನೇದು ಲೆಕ್ಕ. ದೊಡ್ಡ ಲೆಕ್ಕ ಬೇಡ, ಪರ್ಸೆಂಟ್ ಸಾಕು, ಆದ್ರೆ ಯಾವುದರ ಪರ್ಸೆಂಟ್ ಅನ್ನೋದು ತಲೇಲಿ ಇರ್ಬೇಕು. ನಾನು ಮಕ್ಕಳಿಗೆ ಕೊಡೋ ಲೆಕ್ಕ ಇದು: 65 ಬ್ರಿಕ್ಸ್ (ನೂರಕ್ಕೆ 65 ಭಾಗ ಸಕ್ಕರೆ ಅಂಶ) ಇರೋ ಹಣ್ಣಿನ ಕಾನ್ಸಂಟ್ರೇಟ್‌ನಿಂದ, ಅಂದ್ರೆ ನೀರು ತೆಗೆದು ಗಟ್ಟಿ ಮಾಡಿದ ರಸದಿಂದ, 12 ಬ್ರಿಕ್ಸ್ ಜ್ಯೂಸ್ ಮಾಡ್ಬೇಕು, ನೀರು ಎಷ್ಟು? ಬುದ್ಧಿವಂತ್ರು ಬೇಗ ಹೇಳ್ತಾರೆ, 12 ಭಾಗ ಕಾನ್ಸಂಟ್ರೇಟ್‌ಗೆ 53 ಭಾಗ ನೀರು. ಸರಿ, ಭಾಗ ಅಂದ್ರೆ ಏನು, ಲೀಟರಾ ಕೇಜಿನಾ ಅಂದ್ರೆ ಕ್ಲಾಸ್ ಸೈಲೆಂಟ್. ಬ್ರಿಕ್ಸ್ ಅಂದ್ರೆ ತೂಕದ ಲೆಕ್ಕ, ಆ ಕಾನ್ಸಂಟ್ರೇಟ್ ಒಂದು ಲೀಟರ್ ಸುಮಾರು 1.3 ಕೇಜಿ ತೂಗತ್ತೆ, ಲೀಟರಲ್ಲಿ ಅಳೆದು ಬೆರೆಸಿದ್ರೆ 12 ಬರಲ್ಲ, 15ರ ಹತ್ರ ಹೋಗಿ ನಿಲ್ಲತ್ತೆ. ಟ್ಯಾಂಕ್ ತುಂಬಾ ಜ್ಯೂಸ್ ಸಿಹಿ ಜಾಸ್ತಿ, ದುಬಾರಿ ಕಾನ್ಸಂಟ್ರೇಟ್ ಕಾಲು ಭಾಗದಷ್ಟು ಎಕ್ಸ್‌ಟ್ರಾ ಖರ್ಚು. ಕೆಲಸಕ್ಕೆ ಬಂದ ಡಿಗ್ರಿಯವ್ರೂ ಇದ್ರಲ್ಲಿ ಬೀಳೋದು ನೋಡಿದೀನಿ.

ಬ್ಯಾಕ್ಟೀರಿಯಾ ಪಾಠದಲ್ಲಿ ಚಿತ್ರ ಬರೆದು ಹೆಸರು ಬರೆಸೋದಕ್ಕಿಂತ ಲೆಕ್ಕ ಮಾಡ್ಸಿ. ಅನುಕೂಲ ಇದ್ರೆ ಕೆಲವು 20 ನಿಮಿಷಕ್ಕೊಮ್ಮೆ ಡಬಲ್ ಆಗ್ತವೆ, ಒಂದು ಇದ್ದಿದ್ದು 7 ಗಂಟೇಲಿ 20 ಲಕ್ಷ ದಾಟತ್ತೆ, ಇದನ್ನ ಮಕ್ಕಳು ಕೈಯಾರೆ ಡಬಲ್ ಮಾಡ್ತಾ ಹೋದಾಗ ಮುಖ ನೋಡ್ಬೇಕು. ಫ್ರಿಜ್‌ನಲ್ಲಿ ಇಟ್ರೆ ಮುಗೀತು ಅನ್ಕೋತಾರೆ, ಲಿಸ್ಟೀರಿಯಾ ಅನ್ನೋ ರೋಗ ತರೋ ಬ್ಯಾಕ್ಟೀರಿಯಾ ಆ ತಣ್ಣಗೇಲೂ ನಿಧಾನಕ್ಕೆ ಬೆಳಿಯತ್ತೆ. ಹುಳಿ ಅಳೆಯೋ ಪಿಎಚ್‌ನಲ್ಲಿ 4.6 ಅನ್ನೋ ನಂಬರ್ ಕೂಡ ಹೀಗೇ, ಪಿಎಚ್ ಇಳಿದಷ್ಟೂ ಹುಳಿ ಜಾಸ್ತಿ. ಅದಕ್ಕಿಂತ ಹುಳಿ ಇದ್ರೆ ಬಾಟುಲಿಸಮ್ ಅನ್ನೋ ಪ್ರಾಣ ತೆಗೆಯಬಲ್ಲ ವಿಷಬಾಧೆ ತರೋ ಬ್ಯಾಕ್ಟೀರಿಯಾ ಬೆಳೆಯಲ್ಲ, ಕುದಿಯೋ ನೀರಿನ ಬಿಸಿಯಷ್ಟರಲ್ಲೇ ಕೆಲಸ ಆಗತ್ತೆ, ಹುಳಿ ಇಲ್ಲದ ತರಕಾರೀನ ಡಬ್ಬಿಗೆ ಹಾಕ್ಬೇಕು ಅಂದ್ರೆ ಪ್ರೆಶರ್‌ನಲ್ಲಿ 121 ಡಿಗ್ರಿವರೆಗೆ ಹೋಗ್ಬೇಕು. ಟೊಮೇಟೊ ಸರಿಯಾಗಿ ಆ ಗೆರೆ ಮೇಲೇ ಕೂತಿರತ್ತೆ, ಅದಕ್ಕೇ ಅದಕ್ಕೆ ಸಿಟ್ರಿಕ್ ಆಸಿಡ್ ಹಾಕೋದು. ಫ್ರಾನ್ಸಿನ ಅಪೇರ್ ಅನ್ನೋ ಮಿಠಾಯಿ ತಯಾರಕ 1810ರಲ್ಲಿ ಬಾಟ್ಲಿಲಿ ಆಹಾರ ಕಾಯ್ಸಿ ಮುಚ್ಚಿಡೋ ವಿಧಾನ ಪ್ರಕಟ ಮಾಡ್ದಾಗ ಅದು ಯಾಕೆ ಕೆಡಲ್ಲ ಅಂತ ಅವ್ನಿಗೇ ಗೊತ್ತಿರ್ಲಿಲ್ಲ, ವಿಜ್ಞಾನಿ ಪಾಶ್ಚರ್ ಬಂದು ಹೇಳೋ ಹೊತ್ತಿಗೆ ಅರ್ಧ ಶತಮಾನ ಕಳೆದಿತ್ತು. ಈಗ ನಮಗೆ ಗೊತ್ತು, ಹಾಗಾಗಿ ಬಾಯಿಪಾಠ ಮಾಡ್ಸೋಕೆ ನೆಪ ಇಲ್ಲ. ಆಹಾರಕ್ಕೆ ಅಪಾಯ ಎಲ್ಲಿ ಬರಬಹುದು ಅಂತ ಮೊದಲೇ ಗುರುತಿಸಿ ತಡೆಯೋ ಹ್ಯಾಸಪ್ ಪದ್ಧತಿಯ 7 ತತ್ವ ಗಿಣಿಪಾಠ ಒಪ್ಪಿಸೋ ಮಕ್ಕಳು ಬೇಕಾದಷ್ಟು ಸಿಗ್ತಾರೆ, ಈ ಲೈನಲ್ಲಿ ಎಲ್ಲಿ ತಪ್ಪಿದ್ರೆ ಮುಂದೆ ಯಾರೂ ಸರಿ ಮಾಡೋಕಾಗಲ್ಲ ಅಂದ್ರೆ ಮೇಲೆ ನೋಡ್ತಾರೆ.

ಇನ್ನು ಕೆಲಸ ಅಂದ್ರೆ ಬಿಳಿ ಕೋಟ್ ಹಾಕ್ಕೊಂಡು ಲ್ಯಾಬಲ್ಲಿ ನಿಲ್ಲೋದು ಅಂತಾನೇ ಎಲ್ಲರ ತಲೇಲಿ. ಲ್ಯಾಬಲ್ಲಿ ಇರೋದು ಬೆರಳೆಣಿಕೆ ಜನ. ಬಾಯ್ಲರ್, ಕೂಲಿಂಗ್ ಪ್ಲಾಂಟ್, ಪ್ಯಾಕಿಂಗ್ ಮೆಷಿನ್, ಸೆನ್ಸರ್ ನೋಡ್ಕೊಳ್ಳೋ ಟೆಕ್ನಿಷಿಯನ್ ಇಲ್ದೆ ಒಂದು ಪಾಳಿ ನಡಿಯಲ್ಲ, ಒಳ್ಳೆ ಮೇಂಟೆನೆನ್ಸ್ ಫಿಟ್ಟರ್ ಬಿಟ್ಟು ಹೋದ್ರೆ ಮ್ಯಾನೇಜರ್ ಹೋದಾಗಿಗಿಂತ ಜಾಸ್ತಿ ತಲೆಬಿಸಿ, ನಂಗಂತೂ ಹಾಗೇ ಆಗಿದೆ. ಸೈಕಲ್ ಬಿಚ್ಚಿ ಜೋಡಿಸೋ ಹುಡುಗೀನೋ ಹುಡುಗನೋ ಕ್ಲಾಸಲ್ಲಿ ಇದ್ರೆ ಅವ್ರಿಗೂ ಈ ದಾರಿ ತೋರಿಸಿ.

ಕಷ್ಟಾನೂ ಮುಚ್ಚಿಡ್ಬೇಡಿ. ಎಂಟು ಗಂಟೆ ನಿಂತಿರ್ಬೇಕು, ನೆಲ ಒದ್ದೆ, ಶಬ್ದ ಜಾಸ್ತಿ, ಕೋಲ್ಡ್ ರೂಮಲ್ಲಿ ಮೂಗು ಸೋರತ್ತೆ, ರಾತ್ರಿ ಪಾಳಿ ಇರತ್ತೆ, ಉಂಗುರ, ವಾಚ್, ನೇಲ್ ಪಾಲಿಶ್ ಯಾವುದೂ ಇಲ್ಲ. ಹೊಟ್ಟೆ ಕೆಟ್ಟಿದ್ರೆ ಹೇಳಿ ಮನೇಲಿ ಇರ್ಬೇಕು, ಹೇಳ್ದೆ ಬರೋದು ನಿಷ್ಠೆ ಅಲ್ಲ.

ಪ್ಲಾಂಟ್ ವಿಸಿಟ್‌ಗೆ ಕರ್ಕೊಂಡು ಹೋಗೋರಿಗೆ ಒಂದು ಮಾತು. ಬಾಟ್ಲಿಗಳು ಸಾಲಾಗಿ ಓಡೋದನ್ನ ಗಾಜಿನ ಆಚೆಯಿಂದ ತೋರಿಸಿ ಒಂದೊಂದು ಪ್ಯಾಕೆಟ್ ಕೈಗೆ ಕೊಟ್ಟು ಕಳಿಸ್ತಾರೆ, ಅದ್ರಿಂದ ಏನೂ ಗೊತ್ತಾಗಲ್ಲ. ಲೈನ್ ನಿಲ್ಲಿಸಿ ಕ್ಲೀನ್ ಮಾಡೋ ಟೈಮ್ ಕೇಳ್ಕೊಳ್ಳಿ. ಮೊದಲು ನೀರು, ಆಮೇಲೆ ಜಿಡ್ಡು ಬಿಡಿಸೋ ಕಾಸ್ಟಿಕ್ ದ್ರಾವಣ, ಮತ್ತೆ ನೀರು, ಆಸಿಡ್, ಮತ್ತೆ ನೀರು, ಕೊನೆಗೆ ಸ್ಯಾನಿಟೈಸರ್, ಹಿಂದಿನ ಬ್ಯಾಚಲ್ಲಿ ಕಡಲೆಕಾಯಿ ಇದ್ದು ಅಲರ್ಜಿ ಇರೋರಿಗಾಗಿ ಮುಂದಿನದ್ರಲ್ಲಿ ಇರಬಾರ್ದು ಅಂದ್ರೆ ಹತ್ತಿ ಕಡ್ಡೀಲಿ ಮೆಷಿನ್ ಒರೆಸಿ ಸ್ವಾಬ್ ತಗೊಂಡು ಚೆಕ್ ಮಾಡೋ ತನಕ ಸ್ಟಾರ್ಟ್ ಬಟನ್ ಒತ್ತಲ್ಲ, ಹಿಂದೆ ಯಾರು ಎಷ್ಟೇ ಕೂಗಾಡ್ಲಿ. ಅರ್ಧ ಗಂಟೆ ಆದ್ಮೇಲೆ ಬಹಳಷ್ಟು ಮಕ್ಕಳು ಆಕಳಿಸ್ತಾರೆ, ಒಬ್ರೋ ಇಬ್ರೋ ಮಾತ್ರ ಹತ್ರ ಬಂದು ಆ ಸ್ವಾಬ್ ಎಲ್ಲಿಂದ ತಗೊಂಡ್ರಿ, ಆ ಮೂಲೆಯಿಂದ ಯಾಕೆ ತಗೊಳ್ಳಿಲ್ಲ ಅಂತ ಕೇಳ್ತಾರೆ. ನಾನು ಅವ್ರ ಹೆಸ್ರು ಬರ್ಕೋತೀನಿ.