ಮೌಸ್ ಅಲ್ಲಾಡಿಸಿದರೂ ಏಳದ ಮಾನಿಟರ್

ಪ್ರಶ್ನೆ: ಉಬುಂಟು (ಲಿನಕ್ಸ್ ಆಪರೇಟಿಂಗ್ ಸಿಸ್ಟಂ) ಹಾಕಿದ ಡೆಸ್ಕ್‌ಟಾಪ್ ಬಿಟ್ಟು ಊಟಕ್ಕೆ ಹೋಗಿ ಬಂದರೆ ಪರದೆ ಕಪ್ಪಾಗಿರುತ್ತದೆ. ಏನು ಒತ್ತಿದರೂ 'ನೋ ಸಿಗ್ನಲ್' ಅಂತಲೇ ಬರುತ್ತದೆ. ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ, ಮತ್ತೆ ಆನ್ ಮಾಡಿದರೆ ಸರಿಯಾಗುತ್ತದೆ. ಮಾನಿಟರ್ ಬದಲಿಸಬೇಕೇ?

ಉತ್ತರ: ಬೇಡ. 'ನೋ ಸಿಗ್ನಲ್' ಎಂದು ಬರೆದು ತೋರಿಸುತ್ತಿದೆ ಎಂದರೆ ಅದರ ಪ್ಯಾನೆಲ್, ಬ್ಯಾಕ್‌ಲೈಟ್ ಎಲ್ಲ ಚೆನ್ನಾಗಿವೆ. ಕಂಪ್ಯೂಟರಿನಿಂದ ಚಿತ್ರ ಬರುತ್ತಿಲ್ಲ, ಅಷ್ಟೇ.

ಇನ್ನು ಮುಂದೆ ಪವರ್ ಬಟನ್‌ಗೆ ಕೈ ಹಾಕುವ ಮುಂಚೆ ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ಕೀಬೋರ್ಡಿನ ದೀಪ ಹತ್ತಿ ಆರಿದರೆ ಕಂಪ್ಯೂಟರ್ ಎಚ್ಚರವಾಗಿದೆ, ಪರದೆ ಮಾತ್ರ ಕೈಕೊಟ್ಟಿದೆ. ಆಗ ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ. ಅಕ್ಷರಗಳಷ್ಟೇ ಇರುವ ಲಾಗಿನ್ ಪರದೆ ಬಂದರೆ, ಅದೇ ರೀತಿ ಎಫ್2 ಒತ್ತಿ ಹಿಂದಕ್ಕೆ ಬನ್ನಿ. ಹೀಗೆ ಹೋಗಿ ಬರುವಾಗ ಗ್ರಾಫಿಕ್ಸ್ ಡ್ರೈವರ್ (ಪರದೆಗೆ ಚಿತ್ರ ಕಳಿಸುವ ತಂತ್ರಾಂಶ) ಪರದೆಯನ್ನು ಹೊಸದಾಗಿ ಹೊಂದಿಸುವುದರಿಂದ ಎಷ್ಟೋ ಸಲ ಚಿತ್ರ ಮರಳುತ್ತದೆ, ತೆರೆದಿಟ್ಟ ಕಡತಗಳೂ ಹಾಗೇ ಇರುತ್ತವೆ.

ದೀಪ ಅಲುಗದಿದ್ದರೆ ಯಂತ್ರವೇ ಸಿಕ್ಕಿಕೊಂಡಿರಬಹುದು. ಆಗಲೂ ಆಲ್ಟ್ ಮತ್ತು ಪ್ರಿಂಟ್ ಸ್ಕ್ರೀನ್ ಹಿಡಿದುಕೊಂಡು ಎಸ್, ಯು, ಬಿ ಕೀಗಳನ್ನು ಒಂದೆರಡು ಸೆಕೆಂಡ್ ಬಿಟ್ಟು ಬಿಟ್ಟು ಒತ್ತಿ. ಕರ್ನಲ್‌ಗೆ (ಆಪರೇಟಿಂಗ್ ಸಿಸ್ಟಂನ ತಿರುಳಿಗೆ) ಸ್ವಲ್ಪ ಜೀವವಿದ್ದರೂ ಬಾಕಿ ಡೇಟಾ ಡಿಸ್ಕಿಗೆ ಬರೆದು, ಡಿಸ್ಕನ್ನು ಓದಲಷ್ಟೇ ಬಿಟ್ಟು, ನಂತರ ರೀಬೂಟ್ ಆಗುತ್ತದೆ. ನೇರವಾಗಿ ಕರೆಂಟ್ ತೆಗೆದರೆ ಫೈಲ್ ಸಿಸ್ಟಂ ಕೆಡುವ ಭಯವಿದೆ, ದಯವಿಟ್ಟು ಅದನ್ನು ಅಭ್ಯಾಸ ಮಾಡಿಕೊಳ್ಳಬೇಡಿ.

ಈಗ ಕಾರಣ. ಪರದೆ ಆರುವುದು ಬೇರೆ, ಕಂಪ್ಯೂಟರ್ ಸಸ್ಪೆಂಡ್ ಆಗುವುದು, ಅಂದರೆ ಇಡೀ ಯಂತ್ರವೇ ನಿದ್ದೆಗೆ ಜಾರುವುದು ಬೇರೆ. ಸೆಟ್ಟಿಂಗ್ಸ್‌ನ ಪವರ್ ಭಾಗದಲ್ಲಿ ಆಟೊಮ್ಯಾಟಿಕ್ ಸಸ್ಪೆಂಡ್ ಆಫ್ ಮಾಡಿ ಒಂದು ದಿನ ನೋಡಿ. ತೊಂದರೆ ನಿಂತರೆ ಗ್ರಾಫಿಕ್ಸ್ ಡ್ರೈವರ್ ಮೇಲೆ ನನ್ನ ಅನುಮಾನ, ಎನ್‌ವಿಡಿಯಾ ಕಾರ್ಡಿದ್ದರೆ ಇನ್ನೂ ಹೆಚ್ಚು. ನಿಲ್ಲದಿದ್ದರೆ ಕೇಬಲ್ ನೋಡಿ. ಡಿಸ್‌ಪ್ಲೇಪೋರ್ಟ್ ಎಂಬ ಬಗೆಯ ಕೇಬಲ್ ಹಾಕಿದ್ದರೆ ಕೆಲವು ಮಾನಿಟರ್‌ಗಳು ಮಲಗುವಾಗ ಸಂಪರ್ಕವನ್ನೇ ಕಡಿದುಕೊಳ್ಳುತ್ತವೆ, ಕಂಪ್ಯೂಟರ್ ಕೇಬಲ್ ಕಿತ್ತಿದ್ದಾರೆಂದು ತಿಳಿಯುತ್ತದೆ. ಮಾನಿಟರಿನ ಮೆನುವಿನಲ್ಲಿ ಡೀಪ್ ಸ್ಲೀಪ್ ಇದ್ದರೆ ಆಫ್ ಮಾಡಿ, ಇಲ್ಲವೇ ಎಚ್‌ಡಿಎಂಐ ಕೇಬಲ್ ಹಾಕಿ ಪರೀಕ್ಷಿಸಿ. ಪರದೆ ಆರುವುದನ್ನು ತಡೆಯಲು ಹಳೆಯ ಸಲಹೆಗಳಲ್ಲಿ ಸಿಗುವ ಎಕ್ಸ್‌ಸೆಟ್ ಆದೇಶ, ಈಗಿನ ಉಬುಂಟು ಪರದೆ ಮೂಡಿಸಲು ಬಳಸುವ ವೇಲ್ಯಾಂಡ್ ವ್ಯವಸ್ಥೆಯಲ್ಲಿ ಕೆಲಸಕ್ಕೆ ಬಾರದು.

ಅಪ್‌ಡೇಟ್ ಆದ ಮೇಲೆ ಶುರುವಾಗಿದ್ದರೆ, ಕಂಪ್ಯೂಟರ್ ಶುರುವಾಗುವಾಗ ಯಾವುದನ್ನು ಬೂಟ್ ಮಾಡಬೇಕೆಂದು ಕೇಳುವ ಗ್ರಬ್ ಮೆನುವಿನ ಅಡ್ವಾನ್ಸ್‌ಡ್ ಆಪ್ಷನ್ಸ್‌ನಲ್ಲಿ ಹಿಂದಿನ ಕರ್ನಲ್ ಆರಿಸಿ ಬೂಟ್ ಮಾಡಿ. ಅದರಲ್ಲಿ ತೊಂದರೆ ಕಾಣದಿದ್ದರೆ ಸರಿಪಡಿಸಿದ ಕರ್ನಲ್ ಬರುವವರೆಗೂ ಅದನ್ನೇ ಬಳಸಿ.