ಸಮುರಾಯ್ ಕಾದಂಬರಿಗಳಲ್ಲಿ ನಿಜವಾಗಿ ನಡೆದದ್ದು ಎಷ್ಟು?

ಪ್ರಶ್ನೆ: ಜಪಾನಿನ ಸಮುರಾಯ್ ಕಾದಂಬರಿಗಳನ್ನು ಅನುವಾದದಲ್ಲಿ ಓದುತ್ತಿದ್ದೇನೆ. ಇವನ್ನು ಇತಿಹಾಸ ಅಂತ ನಂಬಬಹುದಾ? ಅಥವಾ ಎಲ್ಲ ಕಟ್ಟುಕಥೆಯೇ?

ಉತ್ತರ: ನಿಮ್ಮ ಕೈಯಲ್ಲಿ ಯಾವ ಪುಸ್ತಕ ಇದೆ ಅನ್ನುವುದರ ಮೇಲೆ ಹೋಗುತ್ತದೆ. ಜಪಾನಿನಲ್ಲಿ ಇದಕ್ಕೆ ಎರಡು ಹೆಸರುಗಳೇ ಇವೆ. ನಡೆದ ಘಟನೆ, ಬದುಕಿದ್ದ ಮನುಷ್ಯರ ಬೆನ್ನು ಹತ್ತಿ ಬರೆದರೆ ‘ರೆಕಿಶಿ ಶೋಸೆತ್ಸು’, ಅಂದರೆ ಇತಿಹಾಸದ ಕಾದಂಬರಿ. ಹಳೆಯ ಕಾಲದಲ್ಲಿ ಕಥೆಯನ್ನು ನಿಲ್ಲಿಸಿ, ಪಾತ್ರಗಳನ್ನು ಬೇಕಾದ ಹಾಗೆ ಹೆಣೆದರೆ ‘ಜಿದಾಯ್ ಶೋಸೆತ್ಸು’. ಎರಡರ ನಡುವಿನ ಗೆರೆ ಎಷ್ಟೋ ಸಲ ಅಳಿಸಿಹೋಗುತ್ತದೆ, ಅದು ಬೇರೆ ಮಾತು. ಆದರೆ ನೀವು ಕೇಳಿದ ಪ್ರಶ್ನೆಯನ್ನು ಒಬ್ಬ ಲೇಖಕ ನೂರು ವರ್ಷದ ಹಿಂದೆಯೇ ತನಗೆ ತಾನೇ ಕೇಳಿಕೊಂಡಿದ್ದ. ಅವನಿಂದಲೇ ಶುರು ಮಾಡೋಣ.

1912ರ ಸೆಪ್ಟೆಂಬರ್ 13. ಮೇಜಿ ಚಕ್ರವರ್ತಿಯ ಅಂತ್ಯಕ್ರಿಯೆಯ ದಿನ. ಆ ರಾತ್ರಿ ಜನರಲ್ ನೋಗಿ ಮತ್ತು ಅವರ ಹೆಂಡತಿ ತಾವಾಗಿಯೇ ಪ್ರಾಣ ಬಿಟ್ಟರು. ಒಡೆಯನ ಹಿಂದೆಯೇ ಸೇವಕನೂ ಸಾಯುವ ಈ ಪದ್ಧತಿಗೆ ‘ಜುನ್‌ಶಿ’ ಅನ್ನುತ್ತಾರೆ. ಹೊಯ್ಸಳರ ಗರುಡರ ಬಗ್ಗೆ ಓದಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಜಪಾನಿನಲ್ಲಿ 1663ರಲ್ಲೇ ಇದನ್ನು ನಿಷೇಧಿಸಿದ್ದರು. ರೈಲು, ತಂತಿ, ಸಂವಿಧಾನ ಎಲ್ಲ ಬಂದ ಮೇಲೆ ಮತ್ತೆ ಇದು ನಡೆದಾಗ ಇಡೀ ದೇಶ ಬೆಚ್ಚಿತು.

ನೋಗಿಯನ್ನು ಹತ್ತಿರದಿಂದ ಬಲ್ಲವರಲ್ಲಿ ಮೋರಿ ಓಗಾಯ್ ಒಬ್ಬರು. ಸೇನೆಯ ವೈದ್ಯರು, ಜರ್ಮನಿಯಲ್ಲಿ ಓದಿ ಬಂದವರು, ಲೇಖಕರು. ಕೆಲವೇ ದಿನಗಳಲ್ಲಿ ಅವರು ಒಂದು ಕಥೆ ಬರೆದು ಪತ್ರಿಕೆಗೆ ಕಳಿಸಿದರು: ‘ಒಕಿತ್ಸು ಯಾಗೊಎಮೊನ್‌ನ ಮರಣಪತ್ರ’. ಕಥೆ ನಡೆಯುವುದು 17ನೇ ಶತಮಾನದಲ್ಲಿ. ಒಡೆಯನಿಗೆ ಚಹಾಕೂಟಕ್ಕೆ ಅಪರೂಪದ ವಸ್ತು ಬೇಕು. ಇಬ್ಬರು ಸಮುರಾಯ್‌ಗಳು ನಾಗಸಾಕಿಗೆ ಹೋಗುತ್ತಾರೆ. ಅಲ್ಲಿ ಒಳ್ಳೆಯ ಅಗರು ಮರ ಸಿಗುತ್ತದೆ. ಬುಡದ ತುಂಡು ದುಬಾರಿ, ತುದಿಯದು ಅಗ್ಗ. ಇನ್ನೊಬ್ಬ ದೊರೆಯ ಜನರೂ ಬುಡಕ್ಕೇ ಬೆಲೆ ಏರಿಸುತ್ತಿದ್ದಾರೆ. ‘ಸುಟ್ಟುಹೋಗುವ ಮರದ ತುಂಡಿಗೆ ಇಷ್ಟೊಂದು ದುಡ್ಡಾ?’ ಅನ್ನುತ್ತಾನೆ ಜೊತೆಗಾರ. ‘ಒಡೆಯ ಹೇಳಿದ ಮೇಲೆ ಬೆಲೆ ನೋಡುವುದು ನನ್ನ ಕೆಲಸವಲ್ಲ’ ಅನ್ನುತ್ತಾನೆ ಯಾಗೊಎಮೊನ್. ಮಾತಿಗೆ ಮಾತು ಬೆಳೆದು ಜೊತೆಗಾರ ಸಾಯುತ್ತಾನೆ. ಒಡೆಯ ಯಾಗೊಎಮೊನ್‌ನನ್ನು ಕ್ಷಮಿಸುತ್ತಾನೆ. ಆ ಋಣವನ್ನು ಅವನು ಎಷ್ಟೋ ವರ್ಷ ಹೊತ್ತು, ಒಡೆಯ ತೀರಿಕೊಂಡ ಮೇಲೆ ತಾನೂ ಸಾಯುತ್ತಾನೆ.

ಇಲ್ಲಿಗೇ ಮುಗಿದಿದ್ದರೆ ಅದೊಂದು ಆವೇಶದ ಕಥೆ ಅಷ್ಟೇ. ಆದರೆ ಓಗಾಯ್ ಸುಮ್ನೆ ಕೂರಲಿಲ್ಲ. ಹಳೆಯ ದಾಖಲೆಗಳನ್ನು ಮತ್ತಷ್ಟು ಹುಡುಕಿದರು. ಯಾಗೊಎಮೊನ್ ಸತ್ತ ವರ್ಷವೇ ಬೇರೆ ಎಂದು ಕಂಡುಬಂತು. 1913ರಲ್ಲಿ ಕಥೆಯನ್ನು ತಿದ್ದಿ ಬರೆದರು. ಸಾವಿನ ವರ್ಷ ಬದಲಾಯಿತು, ವಂಶದ ವಿವರಗಳು ಸೇರಿದವು. ಓದುವಾಗ ಇದು ಸ್ವಲ್ಪ ಒಣಗಿದ ಹಾಗೆ ಅನ್ನಿಸಬಹುದು. ನನಗೆ ಮಾತ್ರ ಈ ತಿದ್ದಿದ ಪ್ರತಿಯೇ ಜಾಸ್ತಿ ಇಷ್ಟ. ಸತ್ತವನ ವಿಷಯದಲ್ಲಿ ತಪ್ಪು ಹೇಳಬಾರದು ಅನ್ನುವ ಮರ್ಯಾದೆ ಅದರಲ್ಲಿದೆ. 1915ರಲ್ಲಿ ಅವರು ಒಂದು ಪ್ರಬಂಧ ಬರೆದು ಎರಡು ದಾರಿಗಳಿಗೆ ಹೆಸರಿಟ್ಟರು: ಇತಿಹಾಸ ಇದ್ದ ಹಾಗೆ, ಮತ್ತು ಇತಿಹಾಸದಿಂದ ದೂರ.

ಎರಡನೆಯ ದಾರಿಯಲ್ಲಿ ನಡೆದವರು ಬಹಳ. ಅಕುತಗಾವ ಅದೇ 1915ರಲ್ಲಿ ‘ರಾಶೋಮೊನ್’ ಬರೆದರು. ಹಳೆಯ ಕಥಾಸಂಗ್ರಹದ ಒಂದು ಪುಟ್ಟ ಕಥೆ ಅವರಿಗೆ ಸಾಕಾಗಿತ್ತು. ಇನ್ನು ಜನಸಾಮಾನ್ಯರ ಓದು ಬಂದದ್ದು ‘ಕೋದಾನ್’ ಎಂಬ ಕಥೆ ಹೇಳುವ ಕಲೆಯಿಂದ. ಕಥೆಗಾರ ಪುಟ್ಟ ಮೇಜಿನ ಮುಂದೆ ಕೂತು, ಬೀಸಣಿಗೆ ಬಡಿಯುತ್ತಾ ಯುದ್ಧಗಳನ್ನು ವರ್ಣಿಸುತ್ತಿದ್ದ. ಅದನ್ನು ಶೀಘ್ರಲಿಪಿಯಲ್ಲಿ ಬರೆದು ಅಚ್ಚು ಹಾಕಿದರು, ಆಮೇಲೆ ಪತ್ರಿಕೆಯ ಧಾರಾವಾಹಿಗಳು ಬಂದವು. ದೊಡ್ಡ ಪ್ರಕಾಶನ ಸಂಸ್ಥೆ ಕೋದಾನ್‌ಶಾದ ಹೆಸರಿನಲ್ಲೇ ಆ ಕಲೆ ಉಳಿದಿದೆ.

ಯೋಶಿಕಾವ ಎಯ್‌ಜಿ ಅವರ ‘ಮಿಯಾಮೊತೊ ಮುಸಾಶಿ’ 1935ರಿಂದ 1939ರವರೆಗೆ ಅಸಾಹಿ ಪತ್ರಿಕೆಯಲ್ಲಿ ಬಂತು. ಮುಸಾಶಿ ನಿಜವಾಗಿ ಇದ್ದ ಕತ್ತಿವರಸೆಗಾರ. ಆದರೆ ಅವನ ಬಗ್ಗೆ ಖಚಿತವಾಗಿ ಗೊತ್ತಿರುವುದು ತೀರಾ ಕಡಿಮೆ. ಅವನಿಗಾಗಿ ಕಾಯುವ ಓತ್ಸು ಪೂರ್ತಿ ಕಲ್ಪನೆ. ಶಿಬಾ ರ್ಯೋತಾರೋ 1962ರಿಂದ 1966ರವರೆಗೆ 19ನೇ ಶತಮಾನದ ಸಮುರಾಯ್ ಸಾಕಾಮೊತೊ ರ್ಯೋಮಾನ ಕಥೆ ಬರೆದರು. ಎಷ್ಟೋ ಜಪಾನಿಯರ ಮನಸ್ಸಿನಲ್ಲಿರುವ ರ್ಯೋಮಾ ಶಿಬಾ ಅವರ ರ್ಯೋಮಾನೇ. ಅವರು ಮಾತ್ರ ಹೆಸರಿನ ಮೊದಲ ಅಕ್ಷರವನ್ನು ಹಳೆಯ ರೂಪದಲ್ಲಿ ಬರೆಯದೆ ಸರಳ ರೂಪದಲ್ಲಿ ಬರೆದರು. ‘ಇವನು ನನ್ನ ರ್ಯೋಮಾ’ ಎಂದು ಹೇಳಿದ ಹಾಗೆ ನನಗೆ ಕೇಳಿಸುತ್ತದೆ.

ಹಾಗಾಗಿ ಮುಸಾಶಿ, ರ್ಯೋಮಾರನ್ನು ಕಾದಂಬರಿಯಾಗಿ ಮನಸಾರೆ ಓದಿ, ತಾರೀಖಿಗೆ ಬೇರೆ ಪುಸ್ತಕ ನೋಡಿ. ನಂಬಿಕೆಯ ಪ್ರಶ್ನೆ ನಿಮ್ಮನ್ನು ನಿಜಕ್ಕೂ ಕಾಡುತ್ತಿದ್ದರೆ ಓಗಾಯ್ 1916ರಲ್ಲಿ ಬರೆದ ‘ಶಿಬುಯೆ ಚೂಸಾಯ್’ ಹುಡುಕಿ. ಹಳೆಯ ಸಮುರಾಯ್ ಹೆಸರುಪಟ್ಟಿಗಳನ್ನು ಕೊಳ್ಳುವ ಹವ್ಯಾಸ ಅವರಿಗಿತ್ತು. ಆ ಪುಸ್ತಕಗಳ ಮೇಲೆ ಮತ್ತೆ ಮತ್ತೆ ಒಂದೇ ಮನೆತನದ ಮುದ್ರೆ ಕಾಣುತ್ತಿತ್ತು. ಯಾರು ಈ ಶಿಬುಯೆ? ವಿಚಾರಿಸುತ್ತಾ ಹೋದರು. ತಮ್ಮ ಹಾಗೆಯೇ ವೈದ್ಯ, ತಮ್ಮ ಹಾಗೆಯೇ ಪುಸ್ತಕದ ಹುಚ್ಚು. ತೀರಿಕೊಂಡು ಐವತ್ತು ವರ್ಷ ದಾಟಿತ್ತು. ಕೊನೆಗೆ ಆ ಮನುಷ್ಯನ ಮಗ ಇನ್ನೂ ಬದುಕಿದ್ದಾರೆ, ಅದೂ ಟೋಕಿಯೋದಲ್ಲೇ, ಎಂದು ತಿಳಿಯಿತು. ಓಗಾಯ್ ಅವರನ್ನು ಕಂಡು, ತಂದೆಯ ಬಗ್ಗೆ ಗೊತ್ತಿರುವುದನ್ನೆಲ್ಲ ಕೇಳಿದರು. ಈ ಹುಡುಕಾಟವೂ ಪುಸ್ತಕದೊಳಗೇ ಇದೆ.