ಒರತೆಯ ಕೆಂಪು, ಎಲೆಕ್ಟ್ರಾನ್ ತಂದ ಚಿಲ್ಲರೆ

ತೀರ್ಥಹಳ್ಳಿ ಕಡೆ ತೋಟದ ಬಸಿಗಾಲುವೆಯಲ್ಲಿ ಒರತೆ ಕೆಂಪಾದರೆ 'ಚೌಡಿಗೆ ಏನೋ ತಪ್ಪಾಗಿದೆ' ಅನ್ನುವವರು ಈಗಲೂ ಇದ್ದಾರೆ. ಮೇಲೆ ಬಣ್ಣಬಣ್ಣದ ಪೊರೆ ಕಂಡರೆ 'ಯಾರೋ ಎಣ್ಣೆ ಸುರಿದಿದ್ದಾರೆ' ಅಂತ ಜಗಳವೂ ಆಗುತ್ತದೆ. ದಯವಿಟ್ಟು ಒಂದು ಕಡ್ಡಿಯಿಂದ ಆ ಪೊರೆ ಮುಟ್ಟಿ ನೋಡಿ. ಎಣ್ಣೆಯಾದರೆ ಮತ್ತೆ ಕೂಡಿಕೊಳ್ಳುತ್ತದೆ. ಇದು ಹಪ್ಪಳದ ಹಾಗೆ ಚೂರುಚೂರಾಗಿ ಒಡೆದು ತೇಲುತ್ತದೆ. ಅದು ಕಬ್ಬಿಣದ ಕೆಲಸ.

ನೆಲದೊಳಗೆ, ಗಾಳಿಯಾಡದ ಕಡೆ, ಕಬ್ಬಿಣದ ಪರಮಾಣು ಎರಡು ಎಲೆಕ್ಟ್ರಾನ್ ಕಳೆದುಕೊಂಡು ನೀರಲ್ಲಿ ಕರಗಿರುತ್ತದೆ. ಹೊರಬಂದು ಗಾಳಿ ತಾಕಿದರೆ ಮೂರನೆಯದೂ ಹೋಗುತ್ತದೆ. ಆಗ ಕರಗಲಾರದೆ ಕೆಂಪು ಕೆಸರಾಗಿ ತಳ ಸೇರುತ್ತದೆ.

ಹೋದದ್ದು ಎರಡೋ, ಮೂರೋ? ಬಣ್ಣವೊಂದನ್ನೇ ನಂಬಿ ಹೇಳುವ ಹಾಗಿಲ್ಲ. ಕೆಸರನ್ನು ಒಣಗಿಸಿ, ನಿರ್ವಾತದಲ್ಲಿಟ್ಟು ಎಕ್ಸ್-ರೇ ಬಿಡಬೇಕು. ಅಲ್ಯುಮಿನಿಯಂನಿಂದ ಹೊರಟ ಎಕ್ಸ್-ರೇಯ ಒಂದೊಂದು ಕಣದಲ್ಲೂ 1486.6 ಎಲೆಕ್ಟ್ರಾನ್ ವೋಲ್ಟ್ ಶಕ್ತಿ. ಸಂತೆಗೆ ಹೋದ ಹುಡುಗ ತಂದ ಚಿಲ್ಲರೆ ಎಣಿಸಿದರೆ ಸಾಮಾನಿನ ಬೆಲೆ ಗೊತ್ತಾಗುತ್ತದೆ, ಅಲ್ವಾ? ಹಾಗೇ, ಈ ಕಣ ತಾಗಿ ಪರಮಾಣುವಿನಿಂದ ಚಿಮ್ಮಿ ಬಂದ ಎಲೆಕ್ಟ್ರಾನಿನ ಹತ್ತಿರ ಉಳಿದ ಶಕ್ತಿ ಅಳೆದರೆ, ಅದನ್ನು ಬಿಡಿಸಲು ತೆತ್ತ ಬೆಲೆ ಸಿಗುತ್ತದೆ. ಶುದ್ಧ ಕಬ್ಬಿಣದಲ್ಲಿ ಒಂದು ಒಳಮನೆಯ ಎಲೆಕ್ಟ್ರಾನಿಗೆ ಸುಮಾರು 707 ಎಲೆಕ್ಟ್ರಾನ್ ವೋಲ್ಟ್. ಕೆಂಪು ಆಕ್ಸೈಡಿನಲ್ಲಿ ಸುಮಾರು 711.

ಬೆಲೆ ಯಾಕೆ ಏರಿತು? ಮಳೆಗಾಲದಲ್ಲಿ ಬೆಂಕಿ ಸುತ್ತ ಕೂತದ್ದು ನೆನಪಿಸಿಕೊಳ್ಳಿ. ಮುಂದೆ ಕೂತವರಲ್ಲಿ ಮೂವರು ಎದ್ದು ಹೋದರೆ ಹಿಂದಿನವರಿಗೆ ಕಾವು ಜಾಸ್ತಿ ತಾಗುತ್ತದೆ. ಆಕ್ಸಿಜನ್ ಎಳೆದುಕೊಳ್ಳುವುದು ಹೊರಗಿನ ಎಲೆಕ್ಟ್ರಾನುಗಳನ್ನೇ ಆದರೂ, ಅವು ಹೋದಾಗ ಉಳಿದವಕ್ಕೆ ನ್ಯೂಕ್ಲಿಯಸ್ಸಿನ ಸೆಳೆತ ಹಾಗೇ ಜಾಸ್ತಿ ತಾಗುತ್ತದೆ. 

ಸ್ವೀಡನ್ನಿನ ಉಪ್ಸಲಾದಲ್ಲಿ ಕಾಯ್ ಸೀಗ್‌ಬಾನ್ ತಂಡ ಇದನ್ನು ಚೊಕ್ಕವಾಗಿ ತೋರಿಸಿದ್ದು ಹಿಂದಿನ ಫೋಟೋ ಸ್ಟುಡಿಯೋಗಳ ಹೈಪೋ ಉಪ್ಪಿನಲ್ಲಿ. ಅದರ ಅಣುವಿನಲ್ಲಿ ಎರಡು ಗಂಧಕ. ಧಾತು ಒಂದೇ, ಆದರೂ ಎರಡು ಬೇರೆ ಬೇರೆ ಬೆಲೆ ಬಂತು! 1981ರಲ್ಲಿ ಕಾಯ್ ಅವರಿಗೆ ನೊಬೆಲ್ ಬಂತು. ಅವರ ತಂದೆ ಮಾನೆ ಸೀಗ್‌ಬಾನ್ ಅವರದ್ದು 1924ರ ನೊಬೆಲ್, ಅದೂ ಎಕ್ಸ್-ರೇ ಕೆಲಸಕ್ಕೇ.

ಸುಮ್ನೆ 711 ನೋಡಿ ತೀರ್ಪು ಕೊಡಬೇಡಿ. ಹೆಮಟೈಟ್, ಅಂದರೆ ಆ ಕೆಂಪು ಆಕ್ಸೈಡಿನ ಖನಿಜ, ಆದರೆ ಅಳತೆಯ ನಕ್ಷೆಯಲ್ಲಿ 719ರ ಹತ್ತಿರ ಒಂದು ಪುಟ್ಟ ದಿಬ್ಬವೂ ಕಾಣುತ್ತದೆ. ಅಯಸ್ಕಾಂತ ಎಳೆಯುವ ಕಪ್ಪು ಮ್ಯಾಗ್ನೆಟೈಟಿನಲ್ಲಿ ಎರಡು ಕಳೆದುಕೊಂಡದ್ದು, ಮೂರು ಕಳೆದುಕೊಂಡದ್ದು, ಎರಡೂ ಬಗೆಯ ಕಬ್ಬಿಣ ಬೆರೆತಿರುವುದರಿಂದ ಆ ದಿಬ್ಬ ಮಸುಕಾಗುತ್ತದೆ.

ನಮ್ಮ ಜಂಬಿಟ್ಟಿಗೆ ಕಲ್ಲಿನಲ್ಲಿರುವ ಗೋಥೈಟ್, ಹೈಡ್ರೋಜನ್ನೂ ಸೇರಿದ ಕಬ್ಬಿಣದ ಖನಿಜ, ಇನ್ನೂ ಕಷ್ಟದ್ದು. ಕಬ್ಬಿಣದ ಅಂಕಿ ಹೆಮಟೈಟಿನದ್ದೇ ಅನ್ನಿಸುವಷ್ಟು ಹತ್ತಿರ. ಅಲ್ಲಿ ಆಕ್ಸಿಜನ್ನನ್ನೇ ಕೇಳಬೇಕು. ಆಕ್ಸೈಡಿನದ್ದು 530ರ ಹತ್ತಿರ, ಹೈಡ್ರೋಜನ್ ಕೈ ಹಿಡಿದದ್ದು ಒಂದೂವರೆಯಷ್ಟು ಮೇಲೆ. ಗೋಥೈಟಿನಲ್ಲಿ ಎರಡು ಗುಡ್ಡಗಳೂ ಅಕ್ಕಪಕ್ಕ, ಹೆಚ್ಚುಕಮ್ಮಿ ಒಂದೇ ಎತ್ತರಕ್ಕೆ ನಿಂತಿರುತ್ತವೆ.